ಬೆನ್ನಿಗೆ ಬೀಸುವ ಗಾಳಿ

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಒದಗಿಬಂದ ಅನುಕೂಲವನ್ನು ಕೈಬಿಡಬಾರದೆಂಬ ಅರ್ಥದಲ್ಲಿ ಹಿರಿಯರು ಅದನ್ನು ಮತ್ತೆ ಮತ್ತೆ ಹೇಳುತ್ತ ಬಂದಿದ್ದಾರೆ. ಆದರೆ ಕಣದಲ್ಲಿ ನಿಂತು ನಿಜವಾಗಿಯೂ ತೂರುವ ರೈತನನ್ನು ಕಂಡವರು ಇನ್ನೊಂದು ಸಂಗತಿಯನ್ನೂ ಬಲ್ಲರು. ಗಾಳಿ ಹದವಾಗಿದ್ದರೆ ಹೊಟ್ಟು ದೂರಕ್ಕೆ ಹಾರಿ, ಕಾಳು ಕಾಲ ಬಳಿ ಬೀಳುತ್ತದೆ. ಗಾಳಿ ಹದ ಮೀರಿತೋ, ಹೊಟ್ಟಿನೊಡನೆ ಕಾಳೂ ಹಾರಿಹೋಗುತ್ತದೆ. ಆಗ ಬುದ್ಧಿವಂತ ರೈತನು ಮೊರವನ್ನು ತಗ್ಗಿಸಿ ಹಿಡಿಯುತ್ತಾನೆ. ಅದೂ ಸಾಲದಾದರೆ ಮೊರವನ್ನು ಕೆಳಗಿಟ್ಟು ಕುಳಿತುಕೊಳ್ಳುತ್ತಾನೆ.

ಪುಟ್ಟ ಹಾಯಿದೋಣಿಯನ್ನು ನಡೆಸುವವನಿಗೆ ರೈತನ ಈ ವಿವೇಕವೇ ಮೊದಲ ಪಾಠ. ಎದುರುಗಾಳಿಯೇ ಅಪಾಯದ್ದು, ಬೆನ್ನಿಗೆ ಬೀಸುವ ಗಾಳಿ ದೇವರು ಕೊಟ್ಟ ವರ ಎಂದು ದಡದಲ್ಲಿ ನಿಂತವರು ಭಾವಿಸುವುದು ಸಹಜ. ದೋಣಿಯಲ್ಲಿ ಪಳಗಿದವರ ಮಾತು ಬೇರೆ. ಬಿರುಸಾದ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಓಡುವ ಹೊತ್ತಿಗೇ ಅವರು ಹೆಚ್ಚು ಎಚ್ಚರದಿಂದ ಇರುತ್ತಾರೆ. ಅದೇಕೆಂಬುದನ್ನು ತಿಳಿಯಲು ಕಡಲಿಗೇ ಹೋಗಬೇಕಾಗಿಲ್ಲ. ಆಷಾಢದಲ್ಲಿ ಮುನಿರಾಬಾದಿನ ಅಣೆಕಟ್ಟಿನ ಬಳಿ ನಿಂತು ಪಶ್ಚಿಮದ ಕಡೆಗೆ ನೋಡಿದರೆ ಸಾಕು.

ಪಂಪಾಸಾಗರದ ಗಾಳಿ

ಮುನಿರಾಬಾದು ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಊರು. ಹೈದರಾಬಾದು ಮತ್ತು ಮದ್ರಾಸು ಸರ್ಕಾರಗಳು ಕೂಡಿ 1945ರ ಫೆಬ್ರವರಿ 28ರಂದು ಅಡಿಗಲ್ಲು ಹಾಕಿದ ಈ ಕಟ್ಟೆಯಿಂದ 1953ರ ಜುಲೈ ತಿಂಗಳಲ್ಲಿ ಕಾಲುವೆಗೆ ನೀರು ಹರಿಯಿತು. ಕಟ್ಟೆಯ ಹಿಂದೆ ನಿಂತ ನೀರಿಗೆ ಪಂಪಾಸಾಗರವೆಂಬ ಹೆಸರೂ ಉಂಟು. ತುಂಬಿದಾಗ ಇದರ ಹರವು ಸುಮಾರು 378 ಚದರ ಕಿಲೋಮೀಟರು. ಹೂವಿನ ಹಡಗಲಿ, ಹಗರಿಬೊಮ್ಮನಹಳ್ಳಿಗಳ ಕಡೆಯಿಂದ ಚಾಚಿಕೊಂಡು ಬರುವ ಈ ನೀರು ಪೂರ್ವದ ತುದಿಯಲ್ಲಿ ಕಲ್ಲುಗೋಡೆಗೆ ಬಂದು ನಿಲ್ಲುತ್ತದೆ.

ಮುಂಗಾರಿನ ಗಾಳಿಯೂ ಅದೇ ದಿಕ್ಕಿನದು. ಸಹ್ಯಾದ್ರಿಯಲ್ಲಿ ಮಳೆಯನ್ನು ಸುರಿಸಿ ಹಗುರಾದ ಪಡುವಣ ಗಾಳಿ ಬಯಲುಸೀಮೆಯ ಮೇಲೆ ತಡೆಯಿಲ್ಲದೆ ಬೀಸುತ್ತದೆ. ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಸಾಲುಸಾಲಾಗಿ ನಿಂತಿರುವ ಗಾಳಿಯಂತ್ರಗಳೇ ಅದರ ಬಲಕ್ಕೆ ಸಾಕ್ಷಿ. ಆ ಗಾಳಿ ಜಲಾಶಯದ ಉದ್ದಕ್ಕೂ ಸಾಗಿ ಬಂದು ಕಟ್ಟೆಗೆ ಬಡಿಯುತ್ತದೆ. ಆದುದರಿಂದ ಪಶ್ಚಿಮದ ದಂಡೆಯಿಂದ ಹಾಯಿ ಬಿಚ್ಚಿದ ದೋಣಿಗೆ ಗಾಳಿ ಬೆನ್ನಿಗಿರುತ್ತದೆ, ಕಟ್ಟೆ ಮುಂದಿರುತ್ತದೆ. ಇಂಥ ಓಟದಲ್ಲಿ ದೋಣಿಗಾರನು ಮೂರು ಬಗೆಯಲ್ಲಿ ಮೋಸಹೋಗಬಹುದು.

ಮೂರು ಮೋಸಗಳು

ಮೊದಲನೆಯದು ಮೈಗೆ ಆಗುವ ಮೋಸ. ಆಷಾಢದ ಬೆಳಗ್ಗೆ ಕೊಪ್ಪಳದಿಂದ ಗಿಣಿಗೇರಿಯ ಮಾರ್ಗವಾಗಿ ಮುನಿರಾಬಾದಿಗೆ ಸೈಕಲ್ಲಿನಲ್ಲಿ ಹೊರಟವನನ್ನು ಊಹಿಸಿಕೊಳ್ಳಿ. ತುಳಿಯುವ ಶ್ರಮವೇ ಇಲ್ಲ. ಗಾಳಿ ನಿಂತೇಹೋಯಿತೆಂದು ಅವನಿಗೆ ತೋರುತ್ತದೆ. ಸಂಜೆ ಅದೇ ಹಾದಿಯಲ್ಲಿ ಹಿಂದಿರುಗುವಾಗ ಗಾಳಿ ಎಲ್ಲಿತ್ತೆಂಬುದು ತಿಳಿಯುತ್ತದೆ. ದೋಣಿಯಲ್ಲಿಯೂ ಹಾಗೆಯೇ. ಗಾಳಿಯ ವೇಗ ಗಂಟೆಗೆ 30 ಕಿಲೋಮೀಟರು ಇದ್ದು ದೋಣಿ ಅದರೊಡನೆ 12 ಕಿಲೋಮೀಟರು ವೇಗದಲ್ಲಿ ಓಡುತ್ತಿದ್ದರೆ, ದೋಣಿಯಲ್ಲಿ ಕುಳಿತವನಿಗೆ ತಾಗುವ ಗಾಳಿ 18 ಕಿಲೋಮೀಟರಿನದು ಮಾತ್ರ. ಅದೇ ದೋಣಿಯನ್ನು ತಿರುಗಿಸಿ, ಗಾಳಿಗೆ ಓರೆಯಾಗಿ 8 ಕಿಲೋಮೀಟರು ವೇಗದಲ್ಲಿ ಎದುರೇರಿಸಿದರೆ, ತಾಗುವ ಗಾಳಿ ಸುಮಾರು 36 ಕಿಲೋಮೀಟರಿನದಾಗುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ಒತ್ತಡ ನಾಲ್ಮಡಿಯಾಗುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಎಂದರೆ, ಹಾಯಾಗಿ ಓಡುತ್ತಿದ್ದವನು ದೋಣಿಯನ್ನು ಹೊರಳಿಸಿದ ಕೆಲವೇ ಕ್ಷಣಗಳಲ್ಲಿ ಅವನ ಹಾಯಿಯ ಮೇಲೆ ನಾಲ್ಕರಷ್ಟು ಒತ್ತಡ ಬೀಳುತ್ತದೆ.

ಎರಡನೆಯದು ಕಣ್ಣಿಗೆ ಆಗುವ ಮೋಸ. ಎದುರಿನಿಂದ ಬರುವ ಅಲೆಯ ಕಡಿದಾದ ಮೈಯೂ ಬಿಳಿಯ ನೊರೆಯೂ ಎದ್ದುಕಾಣುತ್ತವೆ. ಅಲೆಗಳೊಡನೆ ಸಾಗುವವನಿಗೆ ಕಾಣುವುದು ಅವುಗಳ ಬೆನ್ನು; ಬೆನ್ನು ಯಾವಾಗಲೂ ನುಣುಪು. ನೀರು ಶಾಂತವಾಗಿದೆಯೆಂದು ಅವನು ನಂಬುತ್ತಾನೆ.

ಮೂರನೆಯದು ದಡದಲ್ಲಿ ಆಗುವ ಮೋಸ. ಅಲೆಯ ಎತ್ತರವು ಗಾಳಿಯ ವೇಗವನ್ನೂ, ಅದು ಬೀಸಿದ ಹೊತ್ತನ್ನೂ, ಅದು ನೀರಿನ ಮೇಲೆ ಸಾಗಿಬಂದ ದೂರವನ್ನೂ ಅವಲಂಬಿಸಿರುತ್ತದೆ. ಗಾಳಿ ಹೊರಡುವ ದಂಡೆಯಲ್ಲಿ ನೀರು ಸಣ್ಣಗೆ ನಡುಗುತ್ತಿರುತ್ತದೆ, ಅಷ್ಟೆ. ಮೈಲಿಗಟ್ಟಲೆ ಸಾಗಿ ಬಂದ ಮೇಲೆ ಅದೇ ನಡುಕ ಅಲೆಯಾಗುತ್ತದೆ. ಕಟ್ಟೆಯ ಗೋಡೆಗೆ ಬಡಿದು ಹಿಂದಕ್ಕೆ ಚಿಮ್ಮಿ, ಬರುವ ಅಲೆಗೂ ಹೋಗುವ ಅಲೆಗೂ ಘರ್ಷಣೆಯಾಗಿ ನೀರು ಕುದಿಯುವಂತೆ ಕಾಣುತ್ತದೆ. ಹೊರಡುವಾಗ ಕಂಡ ನೀರು ಬೇರೆ, ತಲಪುವಾಗ ಎದುರಾಗುವ ನೀರು ಬೇರೆ.

ಹರಿಗೋಲೂ ಹಾಯಿದೋಣಿಯೂ

ತುಂಗಭದ್ರೆಯ ಜನರಿಗೆ ಪರಿಚಿತವಾದ ನಾವೆಯೆಂದರೆ ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಬಳಿ ಬುಟ್ಟಿಯಂತೆ ದುಂಡಾಗಿದ್ದು ತೊಗಲು ಹೊದಿಸಿದ್ದ ಇಂಥ ನಾವೆಗಳನ್ನು ಕಂಡು, ಅವು ಜನರನ್ನೂ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅವು ನೇರವಾಗಿ ಹೋಗದೆ ಸುತ್ತುತ್ತಲೇ ಸಾಗುತ್ತವೆಂಬುದನ್ನೂ ಅವನು ಗಮನಿಸಿದ್ದ. ಇಂದು ತೊಗಲಿನ ಬದಲಿಗೆ ಪ್ಲಾಸ್ಟಿಕ್ ಹೊದಿಕೆಯೂ ಡಾಂಬರೂ ಬಂದಿವೆ, ಆಕಾರ ಬದಲಾಗಿಲ್ಲ.

ಹರಿಗೋಲಿನ ಸ್ಥಿರತೆಯ ಗುಟ್ಟು ಅದರ ಅಗಲವಾದ ತಳ. ಭಾರವೆಲ್ಲ ಕೆಳಗೆ, ಮೇಲೆ ಗಾಳಿಗೆ ಸಿಕ್ಕುವಂಥದು ಏನೂ ಇಲ್ಲ. ಗಾಳಿ ಅದನ್ನು ತಿರುಗಿಸೀತು, ತಳ್ಳಿಕೊಂಡು ಹೋದೀತು. ಸುಲಭವಾಗಿ ಬುಡಮೇಲು ಮಾಡಲಾರದು. ಹಾಯಿದೋಣಿಯ ಕಟ್ಟಡವೇ ಬೇರೆ. ಅದರ ಒಡಲು ಕಿರಿದು. ನಡುವೆ ಎತ್ತರವಾದ ಹಾಯಿಕಂಬ. ಆ ಕಂಬಕ್ಕೆ ದೋಣಿಗಿಂತ ದೊಡ್ಡದಾದ ಬಟ್ಟೆ. ಮಕ್ಕಳಿಗಾಗಿಯೇ 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತ ರೂಪಿಸಿದ ‘ಆಪ್ಟಿಮಿಸ್ಟ್’ ಎಂಬ ದೋಣಿಯ ಉದ್ದ ಕೇವಲ 2.3 ಮೀಟರು, ತೂಕ 35 ಕಿಲೋಗ್ರಾಮು. ಹದಿನೈದು ವರ್ಷದೊಳಗಿನ ಮಕ್ಕಳು ಜಗತ್ತಿನ ಎಲ್ಲೆಡೆ ಹಾಯಿಯ ಓನಾಮ ಕಲಿಯುವುದು ಇಂಥ ದೋಣಿಯಲ್ಲಿ. ಬೆಂಗಳೂರಿನ ಹಲಸೂರು ಕೆರೆಯಲ್ಲಿಯೂ ಸೈನ್ಯದ ಎಂಜಿನಿಯರುಗಳ ತೃಷ್ಣಾ ಕ್ಲಬ್ಬಿನವರು ಹಾಯಿದೋಣಿಗಳನ್ನು ನಡೆಸುತ್ತಾರೆ. ಇಷ್ಟು ಹಗುರವಾದ ದೋಣಿಯಲ್ಲಿ ಕುಳಿತವನ ಮೈಭಾರವೇ ದೋಣಿಯನ್ನು ನಿಲ್ಲಿಸುವ ತೂಕದ ಕಲ್ಲು.

ತೂಗಾಟ ಹುಟ್ಟುವ ಬಗೆ

ಗಾಳಿ ಪಕ್ಕದಿಂದ ಬೀಸುವಾಗ ಹಾಯಿ ದೋಣಿಯನ್ನು ಒಂದೇ ಕಡೆಗೆ ಬಾಗಿಸುತ್ತದೆ. ದೋಣಿಗಾರನು ಇನ್ನೊಂದು ಅಂಚಿನಲ್ಲಿ ಕುಳಿತು ಮೈಯನ್ನು ಹೊರಕ್ಕೆ ಚಾಚಿ ಅದನ್ನು ಸರಿದೂಗಿಸುತ್ತಾನೆ. ಎರಡು ಬಲಗಳೂ ಒಂದನ್ನೊಂದು ಒತ್ತಿಕೊಂಡಿರುವುದರಿಂದ ಅಲ್ಲಿ ಒಂದು ಬಗೆಯ ಬಿಗಿ ಇರುತ್ತದೆ. ಗಾಳಿ ನೇರವಾಗಿ ಹಿಂದಿನಿಂದ ಬಂದೊಡನೆಯೇ ಈ ಬಿಗಿ ಇಲ್ಲವಾಗುತ್ತದೆ. ಗೋಡೆಗೆ ಒರಗಿ ನಿಂತಿದ್ದವನು ಒಮ್ಮೆಲೇ ದೊಂಬರ ಹಗ್ಗದ ಮೇಲೆ ನಿಂತಂತೆ ಆಗುತ್ತದೆ.

ಇದರ ಮೇಲೆ ಹಾಯಿಯ ಚೇಷ್ಟೆ ಬೇರೆ. ಹಾಯಿಯ ಕೆಳಗಿನ ಅಂಚನ್ನು ಒಂದು ಅಡ್ಡಮರ ಹಿಡಿದಿರುತ್ತದೆ. ಹಿಂಗಾಳಿಯಲ್ಲಿ ಈ ಅಡ್ಡಮರವನ್ನು ದೋಣಿಗೆ ಅಡ್ಡಲಾಗಿ, ಒಂದು ಪಕ್ಕಕ್ಕೆ ಪೂರ್ತಿ ಬಿಡುವುದು ರೂಢಿ. ಬಿರುಸಿನಲ್ಲಿ ಅಡ್ಡಮರ ಮೇಲಕ್ಕೆ ಎದ್ದು ಹಾಯಿಯ ತುದಿ ಸಡಿಲವಾಗಿ, ಕಂಬಕ್ಕಿಂತ ಮುಂದಕ್ಕೆ ತಿರುಚಿಕೊಳ್ಳುತ್ತದೆ. ಆಗ ಗಾಳಿ ಆ ತುದಿಯನ್ನು ಹಾಯಿಯಿಲ್ಲದ ಬರಿಯ ಪಕ್ಕಕ್ಕೆ ನೂಕುತ್ತದೆ. ಜೊತೆಗೆ, ಹಾಯಿಯ ಎರಡು ಅಂಚುಗಳಿಂದಲೂ ಗಾಳಿಯ ಸುಳಿಗಳು ಒಂದಾದ ಮೇಲೊಂದು ಕಳಚಿಹೋಗುತ್ತ ಹಾಯಿಯನ್ನು ಒಮ್ಮೆ ಇತ್ತ, ಒಮ್ಮೆ ಅತ್ತ ಜಗ್ಗುತ್ತವೆ. ನಾಗರಪಂಚಮಿಯ ಜೋಕಾಲಿಯನ್ನು ಆಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸರಿಯಾದ ಹೊತ್ತಿಗೆ ಬೆರಳಿನಿಂದ ತಳ್ಳಿದರೂ ಜೋಕಾಲಿ ಪ್ರತಿ ಸಲವೂ ಇನ್ನಷ್ಟು ಎತ್ತರಕ್ಕೆ ಏರುತ್ತದೆ. ಸುಳಿಗಳ ತಾಳವೂ ದೋಣಿಯ ತೂಗಾಟದ ತಾಳವೂ ಕೂಡಿಕೊಂಡರೆ ಮೂರು ನಾಲ್ಕು ತೂಗುಗಳಲ್ಲಿ ದೋಣಿ ಮಗುಚುತ್ತದೆ. ಅದೂ ಹಲವು ವೇಳೆ ಗಾಳಿಯ ಎದುರಿಗೆ, ಹಾಯಿಯಿಲ್ಲದ ಪಕ್ಕಕ್ಕೆ. ಹೊಸಬರು ಬೆರಗಾಗುವುದು ಇದಕ್ಕೇ.

ನೆಲೆ ತಪ್ಪದಿರಲು

ತೂಗಾಟದ ಕಾರಣ ತಿಳಿದರೆ ಉಪಾಯಗಳು ತಾವಾಗಿಯೇ ಹೊಳೆಯುತ್ತವೆ. ಮೊದಲನೆಯದಾಗಿ, ಅಡ್ಡಮರ ಮೇಲೇಳದಂತೆ ಅದನ್ನು ಕೆಳಕ್ಕೆ ಎಳೆದಿಡುವ ಹಗ್ಗವನ್ನು ಬಿಗಿಯಬೇಕು. ತುದಿಯ ತಿರುಚು ಇದರಿಂದ ಅಡಗುತ್ತದೆ. ಎರಡನೆಯದಾಗಿ, ಹಾಯಿಯನ್ನು ಪೂರ್ತಿ ಹೊರಕ್ಕೆ ಬಿಡದೆ ತುಸು ಒಳಕ್ಕೆ ಎಳೆದುಕೊಂಡಿರಬೇಕು. ವೇಗದಲ್ಲಿ ಕೊಂಚ ನಷ್ಟವಾದೀತು, ನೆಮ್ಮದಿಯಲ್ಲಿ ಬಹಳ ಲಾಭ.

ಮೂರನೆಯ ಉಪಾಯ ಎಲ್ಲಕ್ಕಿಂತ ಮುಖ್ಯವಾದುದು: ಗಾಳಿಯನ್ನು ನೇರ ಬೆನ್ನಿಗೆ ಇಟ್ಟುಕೊಳ್ಳಬಾರದು. ದೋಣಿಯ ಮೂತಿಯನ್ನು ಸ್ವಲ್ಪ ಓರೆಮಾಡಿ ಗಾಳಿಯು ಹಿಂಬದಿಯ ಒಂದು ಮೂಲೆಯಿಂದ, ಹೆಗಲ ಮೇಲಿಂದ ಬರುವಂತೆ ನಡೆಸಿದರೆ, ಕಳೆದುಹೋಗಿದ್ದ ಬಿಗಿ ಮತ್ತೆ ದೊರೆಯುತ್ತದೆ. ಗುರಿಯನ್ನು ಮುಟ್ಟಲು ಆಗ ಒಂದೆರಡು ಸಲ ಅತ್ತಿತ್ತ ಓರೆಯಾಗಿ ಸಾಗಬೇಕಾಗುತ್ತದೆ, ನಿಜ. ಆದರೆ ಘಾಟಿಯನ್ನು ಇಳಿಯುವ ಗಾಡಿ ನೇರವಾಗಿ ಉರುಳದೆ ತಿರುವುಗಳಲ್ಲಿ ಇಳಿಯುವುದಿಲ್ಲವೇ?

ದೋಣಿಯ ತಳದಲ್ಲಿ ನೀರಿಗೆ ಇಳಿಬಿಡುವ ನಡುಹಲಗೆಯೊಂದು ಇರುತ್ತದೆ. ಹಿಂಗಾಳಿಯಲ್ಲಿ ಅದರ ಕೆಲಸವಿಲ್ಲವೆಂದು ಪೂರ್ತಿ ಮೇಲೆತ್ತುವವರುಂಟು. ಪೂರ್ತಿ ಎತ್ತಿದರೆ ತೂಗಾಟವನ್ನು ತಡೆಯುವ ಕೈಯೇ ಇಲ್ಲದಂತಾಗುತ್ತದೆ. ಪೂರ್ತಿ ಇಳಿಸಿದರೆ ದೋಣಿ ಪಕ್ಕಕ್ಕೆ ಜಾರುವಾಗ ಅದಕ್ಕೇ ಎಡವುತ್ತದೆ. ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಇಳಿಸಿಡುವುದು ಹದ.

ಇನ್ನು ಕುಳಿತುಕೊಳ್ಳುವ ಬಗೆ. ಇಬ್ಬರಿದ್ದರೆ ಒಬ್ಬೊಬ್ಬರು ಒಂದೊಂದು ಪಕ್ಕದಲ್ಲಿ ತಗ್ಗಿ ಕುಳಿತುಕೊಳ್ಳಬೇಕು. ಒಬ್ಬನೇ ಇದ್ದರೆ ಕಾಲುಗಳನ್ನು ಅಗಲಿಸಿ ಎರಡು ಪಕ್ಕಕ್ಕೂ ಊರಿಕೊಂಡಿರಬೇಕು. ಬಿರುಸು ಹೆಚ್ಚಿದಂತೆ ತುಸು ಹಿಂದಕ್ಕೆ ಸರಿಯಬೇಕು. ಇಲ್ಲವಾದರೆ ಅಲೆಯ ಇಳಿಜಾರಿನಲ್ಲಿ ಜಾರಿದ ದೋಣಿಯ ಮೂತಿ ಮುಂದಿನ ಅಲೆಯ ಬೆನ್ನಿಗೆ ಚುಚ್ಚಿಕೊಂಡು ನೀರು ಒಳಗೆ ನುಗ್ಗುತ್ತದೆ.

ಇಷ್ಟಾದರೂ ದೋಣಿ ತೂಗತೊಡಗಿದರೆ ಸೈಕಲ್ಲಿನ ಪಾಠವನ್ನೇ ನೆನೆಯಬೇಕು. ಎಡಕ್ಕೆ ವಾಲಿದ ಸೈಕಲ್ಲಿನ ಹಿಡಿಯನ್ನು ಬಲಕ್ಕೆ ತಿರುಗಿಸಿದವನು ನೆಲಕ್ಕೆ ಬೀಳುತ್ತಾನೆ, ಎಡಕ್ಕೇ ತಿರುಗಿಸಿದವನು ಎದ್ದು ನಿಲ್ಲುತ್ತಾನೆ. ಹಿಂಗಾಳಿಯ ದೋಣಿಯೂ ಹಾಗೆಯೇ: ಅದು ಯಾವ ಪಕ್ಕಕ್ಕೆ ವಾಲುತ್ತದೆಯೋ ಆ ಪಕ್ಕಕ್ಕೇ ಮೂತಿಯನ್ನು ತುಸು ತಿರುಗಿಸಬೇಕು. ಬರಿಯ ಪಕ್ಕಕ್ಕೆ ವಾಲಿದರೆ ಅತ್ತ ತಿರುಗಿಸಿ, ಒಡನೆಯೇ ಹಾಯಿಯನ್ನು ಒಳಕ್ಕೆ ಎಳೆಯಬೇಕು. ಹಾಯಿಯ ಪಕ್ಕಕ್ಕೆ ವಾಲಿದರೆ ಇತ್ತ ತಿರುಗಿಸಿ ಹಾಯಿಯನ್ನು ಸ್ವಲ್ಪ ಸಡಿಲಿಸಬೇಕು. ತಿರುವು ಚಿಕ್ಕದಿರಬೇಕು, ಬೇಗನೆ ಆಗಬೇಕು. ಗಾಬರಿಯಿಂದ ಚುಕ್ಕಾಣಿಯನ್ನು ಪೂರ್ತಿ ತಳ್ಳಿದವನು ಒಂದು ಆಪತ್ತನ್ನು ತಪ್ಪಿಸಿಕೊಂಡು ಇನ್ನೊಂದಕ್ಕೆ ಬೀಳುತ್ತಾನೆ.

ಅಡ್ಡಮರದ ಹೊರಳು

ಆ ಇನ್ನೊಂದು ಆಪತ್ತೆಂದರೆ ಹಾಯಿಯ ಹೊರಳು. ದೋಣಿಯು ಹಾಯಿಯಿರುವ ಪಕ್ಕಕ್ಕೆ ಹೆಚ್ಚಾಗಿ ತಿರುಗಿಬಿಟ್ಟರೆ ಗಾಳಿ ಹಾಯಿಯ ಹಿಂಬದಿಗೆ ಸೇರಿಕೊಂಡು, ಅಡ್ಡಮರವನ್ನು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಬಾರಿಕೋಲಿನಂತೆ ಬೀಸಿ ಎಸೆಯುತ್ತದೆ. ತಲೆಯೆತ್ತಿ ಕುಳಿತವನಿಗೆ ಅದು ಪ್ರಾಣಾಂತಿಕ ಪೆಟ್ಟು.

ಬೇಕೆಂದೇ ಹಾಯಿಯನ್ನು ಹೊರಳಿಸುವ ಸಂದರ್ಭವೂ ಬರುತ್ತದೆ. ಆಗ ದೋಣಿ ನಿಧಾನವಾದ ಮೇಲೆ ಹೊರಳಿಸೋಣವೆಂದು ಕಾಯುವುದು ಹೊಸಬರ ರೂಢಿ. ಮೇಲೆ ಹೇಳಿದ ಲೆಕ್ಕವನ್ನು ನೆನೆದರೆ ಇದು ತಪ್ಪೆಂದು ತಿಳಿಯುತ್ತದೆ. ದೋಣಿ ವೇಗವಾಗಿ ಓಡಿದಷ್ಟೂ ಹಾಯಿಗೆ ತಾಗುವ ಗಾಳಿ ಕಡಿಮೆ. ಆದುದರಿಂದ ಅಲೆಯ ಇಳಿಜಾರಿನಲ್ಲಿ ದೋಣಿ ಎಲ್ಲಕ್ಕಿಂತ ಹೆಚ್ಚು ವೇಗದಲ್ಲಿರುವ ಕ್ಷಣವೇ ಹೊರಳಿಸಲು ತಕ್ಕ ಕ್ಷಣ. ಅಷ್ಟು ಧೈರ್ಯವಿಲ್ಲದವರಿಗೆ ಬೇರೊಂದು ದಾರಿಯೂ ಇದೆ. ಸುತ್ತಲೂ ಸ್ಥಳವಿದ್ದರೆ, ಹಾಯಿಯನ್ನು ಒಳಕ್ಕೆ ಎಳೆದುಕೊಳ್ಳುತ್ತ ದೋಣಿಯ ಮೂತಿಯನ್ನು ಗಾಳಿಯ ಎದುರಿಗೆ ತಂದು, ದೊಡ್ಡ ಸುತ್ತು ಹಾಕಿ ಬೇಕಾದ ಪಕ್ಕಕ್ಕೆ ಬರಬಹುದು. ಬಳಸುದಾರಿಯಾದರೂ ಕ್ಷೇಮದ ದಾರಿ. ಬಿರುಗಾಳಿಯ ದಿನ ಅನುಭವಿಗಳೂ ಇದನ್ನು ಹಿಡಿಯಲು ನಾಚುವುದಿಲ್ಲ.

ಹೊರಡುವ ಮುನ್ನ

ಹಿಂಗಾಳಿಯಲ್ಲಿ ಸ್ಥಿರವಾಗಿರುವ ಕೆಲಸ ಅರ್ಧಕ್ಕರ್ಧ ದಡದಲ್ಲಿಯೇ ಮುಗಿಯಬೇಕು. ಓಡುತ್ತಿರುವಾಗ ಗಾಳಿಯ ಬಲ ತಿಳಿಯದಾದ್ದರಿಂದ, ಅದನ್ನು ಅಳೆಯುವ ಕಾಲ ಹೊರಡುವುದಕ್ಕೆ ಮೊದಲು. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ 1805ರಲ್ಲಿ ರೂಪಿಸಿದ ಅಳತೆ ಇಂದಿಗೂ ಬಳಕೆಯಲ್ಲಿದೆ. ಅದಕ್ಕೆ ಯಂತ್ರ ಬೇಕಿಲ್ಲ. ಧೂಳೂ ಹರಕು ಕಾಗದವೂ ಹಾರುತ್ತಿದ್ದರೆ ಗಾಳಿ ಗಂಟೆಗೆ 20ರಿಂದ 28 ಕಿಲೋಮೀಟರು. ಎಲೆ ತುಂಬಿದ ಚಿಕ್ಕ ಮರಗಳು ತೂಗಾಡಿ ನೀರಿನ ಮೇಲೆ ಬೆಳ್ನೊರೆ ಕಾಣಿಸಿದರೆ 29ರಿಂದ 38. ದೊಡ್ಡ ಕೊಂಬೆಗಳು ಅಲುಗಾಡಿ, ತಂತಿಗಳು ಸಿಳ್ಳು ಹಾಕಿ, ಕೊಡೆ ಹಿಡಿಯುವುದು ಕಷ್ಟವಾದರೆ 39ರಿಂದ 49. ಚಿಕ್ಕ ಮರಗಳು ತೂಗತೊಡಗಿದಾಗಲೇ ಹೊಸಬರ ದೋಣಿ ದಡದಲ್ಲಿ ಉಳಿಯಬೇಕು. ಕೊಡೆ ಹಿಡಿಯಲಾಗದ ಗಾಳಿಯಲ್ಲಿ ಕಲಿತವರೂ ಎರಡು ಸಲ ಯೋಚಿಸಬೇಕು. ಹಾಯಿಯನ್ನು ಮಡಿಸಿ ಚಿಕ್ಕದು ಮಾಡುವ ಏರ್ಪಾಡು ಇದ್ದರೆ ಅದನ್ನು ಮಾಡಬೇಕಾದುದು ದಡದಲ್ಲಿ. ಗುಡ್ಡದ ಮೇಲಿನ ಬೃಹತ್ ಗಾಳಿಯಂತ್ರಗಳು ಕೂಡ ಗಾಳಿ ಹೆಚ್ಚಿದಂತೆ ರೆಕ್ಕೆಗಳನ್ನು ಓರೆ ಮಾಡಿಕೊಂಡು, ಗಂಟೆಗೆ ಸುಮಾರು 90 ಕಿಲೋಮೀಟರು ದಾಟಿದರೆ ನಿಂತೇಬಿಡುತ್ತವೆ.

ಇನ್ನೊಂದು ನಿಯಮ: ಕಷ್ಟದ ದಾರಿ ಮೊದಲು, ಸುಲಭದ ದಾರಿ ಆಮೇಲೆ. ಮೊದಲು ಎದುರುಗಾಳಿಗೆ ಏರಿಹೋದವನಿಗೆ ತನ್ನ ಬಲವೂ ಗಾಳಿಯ ಬಲವೂ ತಿಳಿದಿರುತ್ತವೆ. ದಣಿದಾಗ ಗಾಳಿಯೇ ಅವನನ್ನು ಹಿಂದಕ್ಕೆ ತರುತ್ತದೆ. ಮೊದಲೇ ಗಾಳಿಯೊಡನೆ ಓಡಿಹೋದವನು ಮರಳುವ ಹೊತ್ತಿಗೆ ಸೋತಿರುತ್ತಾನೆ. ಪಂಪಾಸಾಗರದಂಥ ಸ್ಥಳದಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಏಕೆಂದರೆ ಅಲ್ಲಿ ಗಾಳಿಯ ದಾರಿ ಮುಗಿಯುವುದು ಮರಳಿನ ದಂಡೆಯಲ್ಲಿ ಅಲ್ಲ, 33 ಗೇಟುಗಳ ಕಟ್ಟೆಯಲ್ಲಿ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಆ ನೀರಿನ ನೂಕು ಎಷ್ಟೆಂಬುದನ್ನು ನಾಡೇ ಕಂಡಿತು. ಗೇಟುಗಳ ಕಡೆಗೆ ನೀರು ಸೆಳೆಯುವ ಎಡೆಯಲ್ಲಿ ಹಾಯಿಗಾಗಲಿ ಹುಟ್ಟಿಗಾಗಲಿ ಕೆಲಸವಿಲ್ಲ. ಅಂಥ ಕಡೆಯಿಂದ ಬಹು ದೂರದಲ್ಲಿಯೇ ದೋಣಿ ತಿರುಗಿರಬೇಕು.

ಎಷ್ಟೇ ಎಚ್ಚರವಿದ್ದರೂ ದೋಣಿ ಮಗುಚುವುದುಂಟು. ಮಗುಚಿದ ಹಾಯಿದೋಣಿ ಸಾಮಾನ್ಯವಾಗಿ ಮುಳುಗುವುದಿಲ್ಲ; ಅದನ್ನು ಬಿಟ್ಟು ದಡಕ್ಕೆ ಈಜಲು ಹೊರಟವನೇ ಮುಳುಗುತ್ತಾನೆ. ದೋಣಿಯನ್ನು ಹಿಡಿದುಕೊಂಡೇ ಇರಬೇಕು. ಹಾಯಿಯ ಹಗ್ಗವನ್ನು ಸಡಿಲಿಸಿ, ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ತಿರುಗಿಸಿ, ನಡುಹಲಗೆಯನ್ನು ಪೂರ್ತಿ ಹೊರಚಾಚಿ ಅದರ ಮೇಲೆ ಮೈಭಾರ ಹಾಕಿದರೆ ದೋಣಿ ನಿಧಾನವಾಗಿ ಎದ್ದು ನಿಲ್ಲುತ್ತದೆ. ಆ ವೇಳೆಯವರೆಗೆ ಮನುಷ್ಯನನ್ನು ತೇಲಿಸುವುದು ಜೀವರಕ್ಷಕ ಕವಚ. ಅದನ್ನು ದೋಣಿಯ ಮೂಲೆಯಲ್ಲಿ ಇಟ್ಟುಕೊಂಡರೆ ಸಾಲದು, ಹೊರಡುವ ಮೊದಲೇ ಎದೆಗೆ ಬಿಗಿದುಕೊಂಡಿರಬೇಕು. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಕಾರವಾರದ ಬಳಿ ಮಗುಚಿದಾಗ ಪುಟ್ಟ ಮಕ್ಕಳೂ ಸೇರಿ ಹಲವರು ಬಲಿಯಾದರು. ಅದು ಯಂತ್ರದ ದೋಣಿ. ಹಾಯಿಯಿರಲಿ ಯಂತ್ರವಿರಲಿ, ಮಕ್ಕಳನ್ನು ದೋಣಿಗೆ ಹತ್ತಿಸುವ ತಂದೆತಾಯಿಗಳು ಮೊದಲು ಕೇಳಬೇಕಾದುದು ಈ ಕವಚವನ್ನು.

ಕಡೆಯದಾಗಿ ಒಂದು ಚಿಕ್ಕ ಅಭ್ಯಾಸ. ರಭಸದ ಗಾಳಿ ಬರುವ ಮುನ್ನ ನೀರಿನ ಮೇಲೆ ಕಪ್ಪಾದ ಮಚ್ಚೆಯೊಂದು ಹರಡಿಕೊಂಡು ಬರುತ್ತದೆ. ಎದುರುಗಾಳಿಯಲ್ಲಿ ಹೋಗುವವನಿಗೆ ಅದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ; ಗಾಳಿಯೊಡನೆ ಓಡುವವನಿಗೆ ಅದು ಬೆನ್ನ ಹಿಂದೆ ಇರುತ್ತದೆ. ಮುಂದಿನ ನೀರನ್ನು ನೋಡುವಷ್ಟೇ ಸಲ ಕತ್ತು ಹೊರಳಿಸಿ ಹಿಂದಿನ ನೀರನ್ನೂ ನೋಡುತ್ತಿದ್ದವನಿಗೆ, ಆ ಮಚ್ಚೆ ಬಂದು ಮುಟ್ಟುವುದರೊಳಗೆ ಹಾಯಿಯನ್ನು ಎಳೆದುಕೊಂಡು, ಕಾಲೂರಿ, ತಲೆ ತಗ್ಗಿಸಿಕೊಳ್ಳಲು ಸಮಯ ದೊರೆಯುತ್ತದೆ.